ಒಂದು ಊರು, ಇಬ್ಬರು ಪಾದ್ರಿಗಳು: ಈಮ್ ಹಳ್ಳಿಯ ಪ್ಲೇಗ್, 1665–66

1666ರ ಜೂನ್ ತಿಂಗಳು. ಇಂಗ್ಲೆಂಡಿನ ಡರ್ಬಿಶೈರ್ ಗುಡ್ಡಗಾಡಿನ ಈಮ್ ಎಂಬ ಹಳ್ಳಿಯ ಪಾದ್ರಿ, ಹಿಂದೆ ಅದೇ ಚರ್ಚಿನಲ್ಲಿ ಪಾದ್ರಿಯಾಗಿದ್ದ ಒಬ್ಬರ ಸಹಾಯ ಕೇಳಿದರು. ಇದರಲ್ಲಿ ಏನು ವಿಶೇಷ ಅಂತ ಅನಿಸಬಹುದು. ಆದರೆ ಆ ಹಳೆಯ ಪಾದ್ರಿಯ ಕೆಲಸ ನಾಲ್ಕು ವರ್ಷದ ಹಿಂದೆಯೇ ಹೋಗಿತ್ತು. ಅವರಂಥವರು ನಿಷ್ಠೆಯ ಪ್ರಮಾಣ ಮಾಡದಿದ್ದರೆ ತಮ್ಮ ಹಳೆಯ ಚರ್ಚಿನ ಐದು ಮೈಲಿ ಹತ್ತಿರಕ್ಕೂ ಬರಕೂಡದು ಎಂಬ ಕಾನೂನು ಅದೇ ಮಾರ್ಚ್‌ನಲ್ಲಿ ಜಾರಿಗೆ ಬಂದಿತ್ತು. ಅಂಥವರನ್ನು ಸರ್ಕಾರ ಒಪ್ಪಿದ ಪಾದ್ರಿಯೇ, ಊರಿನ ಜನಕ್ಕೆ ಏನು ಹೇಳೋಣ ಎಂದು ಕೇಳಿದ್ದು.

ಈಮ್‌ನ ಕಥೆ ಕೊರೊನಾ ಲಾಕ್‌ಡೌನ್ ಕಾಲದಲ್ಲಿ ಜಗತ್ತಿನಾದ್ಯಂತ ಮತ್ತೆ ಓಡಾಡಿತು. ಪ್ಲೇಗ್ ಬಂದಾಗ ತನ್ನ ಬಾಗಿಲನ್ನು ತಾನೇ ಹಾಕಿಕೊಂಡ ಊರು ಅಂತ. ಸಾಮಾನ್ಯವಾಗಿ ಒಬ್ಬ ಪಾದ್ರಿಯ ಧೈರ್ಯದ ಕಥೆಯಾಗಿ ಹೇಳುತ್ತಾರೆ. ನನಗೆ ಇದು ಇಬ್ಬರ ಕಥೆ. ಒಬ್ಬರ ಹತ್ತಿರ ಹುದ್ದೆ ಇತ್ತು, ಇನ್ನೊಬ್ಬರ ಹತ್ತಿರ ಊರಿನ ನಂಬಿಕೆ ಇತ್ತು. ಎರಡೂ ಸೇರದೇ ಹೋಗಿದ್ದರೆ ಜನ ಊರಲ್ಲಿ ನಿಲ್ಲುತ್ತಿರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಪಾದ್ರಿ ಅಂದರೆ ಆಗ

ನಮ್ಮಲ್ಲಿ ಪ್ರಾಟೆಸ್ಟೆಂಟ್ ಸಭೆಯವರು ಸಭಾಪಾಲಕರು ಅಂತಾರೆ, ಪಾಸ್ಟರ್ ಅಂತಾರೆ. ಉಳಿದವರಿಗೆ ಎಲ್ಲರೂ ಪಾದ್ರಿಗಳೇ. 17ನೇ ಶತಮಾನದ ಇಂಗ್ಲೆಂಡಿನ ಹಳ್ಳಿಯಲ್ಲಿ ಈ ಮನುಷ್ಯನ ಕೆಲಸ ಭಾನುವಾರದ ಪ್ರಸಂಗಕ್ಕೆ ಮುಗಿಯುತ್ತಿರಲಿಲ್ಲ. ಮಗುವಿನ ದೀಕ್ಷಾಸ್ನಾನ, ಮದುವೆ, ಮಣ್ಣು, ಎಲ್ಲವನ್ನೂ ಮಾಡಿಸಿ ಚರ್ಚಿನ ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು. ಓದು ಬರಹ ಬಲ್ಲವರು ಕಮ್ಮಿ ಇದ್ದ ಕಡೆ ಸಾಯುವವರ ಉಯಿಲು ಬರೆಯಲೂ ಅವರೇ ಬೇಕು. ಒಂಥರಾ ನಮ್ಮ ಶಾನುಭೋಗರೂ ಪುರೋಹಿತರೂ ಒಬ್ಬರೇ ಆದ ಹಾಗೆ.

ಇವರನ್ನು ಆರಿಸುತ್ತಿದ್ದದ್ದು ಊರಿನವರಲ್ಲ. ಆ ಚರ್ಚಿಗೆ ಪಾದ್ರಿಯನ್ನು ನೇಮಿಸುವ ಹಕ್ಕು ಒಬ್ಬ ಧಣಿಯ ಕೈಯಲ್ಲಿ ಇರುತ್ತಿತ್ತು. ಈಮ್ ಸೀಸದ ಗಣಿಗಳ ಊರು. ಜನ ಬೆಳೆ ಜೊತೆಗೆ ಗಣಿ ಕೆಲಸವನ್ನೂ ಮಾಡುತ್ತಿದ್ದರು, ಅಲ್ಲಿ ಸಿಕ್ಕ ಅದಿರಿನಲ್ಲೂ ಪಾದ್ರಿಗೆ ಪಾಲಿತ್ತು.

ಇನ್ನೊಂದು ವಿಷಯ. ಕ್ಯಾಥೊಲಿಕ್ ಫಾದರ್‌ಗೆ ಹೆಂಡತಿ ಮಕ್ಕಳಿಲ್ಲ. ಪ್ರಾಟೆಸ್ಟೆಂಟ್ ಪಾದ್ರಿ ಸಂಸಾರಸ್ಥ. ರೋಗಿಯ ಮನೆಗೆ ಹೋಗಿ ಬಂದವರು ಅದೇ ಬಟ್ಟೆಯಲ್ಲಿ ತಮ್ಮ ಮಕ್ಕಳಿರುವ ಮನೆಗೆ ಕಾಲಿಡಬೇಕು.

ಹಳೆಯ ಪಾದ್ರಿ ಥಾಮಸ್ ಸ್ಟಾನ್ಲಿ ಈಮ್‌ಗೆ ಬಂದದ್ದು 1644ರಲ್ಲಿ, ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದ ನಡುವೆ. ಅವರು ಪ್ಯೂರಿಟನ್ ಪಂಥದವರು. ಆಡಂಬರ ಬೇಡ, ಅಚ್ಚಾದ ಪ್ರಾರ್ಥನೆ ಓದುವುದೂ ಬೇಡ ಅನ್ನುವ ಜನ. ಆ ಯುದ್ಧದಲ್ಲಿ ಹೋಗಿದ್ದ ರಾಜಪ್ರಭುತ್ವ 1660ರಲ್ಲಿ ವಾಪಸ್ ಬಂತು. 1662ರಲ್ಲಿ ಹೊಸ ಕಾನೂನು ಬಂತು: ಸರ್ಕಾರ ಒಪ್ಪಿದ ಪ್ರಾರ್ಥನಾ ಪುಸ್ತಕವನ್ನೇ ಎಲ್ಲ ಪಾದ್ರಿಗಳೂ ಬಳಸಬೇಕು, ಒಪ್ಪದವರು ಜಾಗ ಖಾಲಿ ಮಾಡಬೇಕು. ಆಚೀಚೆಯ ವರ್ಷಗಳನ್ನೂ ಸೇರಿಸಿದರೆ ಸುಮಾರು 2000 ಮಂದಿ ಹೀಗೆ ಕೆಲಸ, ಮನೆ, ಸಂಬಳ ಎಲ್ಲ ಕಳೆದುಕೊಂಡರು. ಸ್ಟಾನ್ಲಿ ಅವರಲ್ಲಿ ಒಬ್ಬರು. ಊರಿನ ಬಹಳ ಜನ ಒಳಗೊಳಗೇ ಅವರ ಕಡೆಯೇ ಇದ್ದರು.

ಅವರ ಜಾಗದಲ್ಲಿ ಇದ್ದವರಿಗೂ ಊರಿಗೂ ಅಷ್ಟಕ್ಕಷ್ಟೇ. ಅವರು ತೀರಿಕೊಂಡ ಮೇಲೆ 1664ರಲ್ಲಿ ವಿಲಿಯಂ ಮಾಂಪೆಸನ್ ಬಂದರು. ಕೇಂಬ್ರಿಜ್‌ನಲ್ಲಿ ಓದಿದವರು, ಇನ್ನೂ ಮೂವತ್ತು ದಾಟಿರಲಿಲ್ಲ. ಧಣಿ ಸರ್ ಜಾರ್ಜ್ ಸ್ಯಾವಿಲ್ ಅವರ ಮನೆಯ ಪಾದ್ರಿಯಾಗಿದ್ದವರು. ಹೆಂಡತಿ ಕ್ಯಾಥರೀನ್, ಇಬ್ಬರು ಪುಟ್ಟ ಮಕ್ಕಳು. ಊರಿನ ಕಣ್ಣಿಗೆ ಇವರು ಮೇಲಿನವರು ಕಳಿಸಿದ ಹುಡುಗ. ಹೊಸದಾಗಿ ವರ್ಗವಾಗಿ ಬಂದ ಅಧಿಕಾರಿಯನ್ನು ನಮ್ಮ ಹಳ್ಳಿಯವರು ಹೇಗೆ ನೋಡುತ್ತಾರೆ, ಹಾಗೇ ಅಲ್ವಾ?

ಬಟ್ಟೆಯ ಗಂಟು

1665ರ ಬೇಸಿಗೆಯಲ್ಲಿ ಲಂಡನ್ ಪ್ಲೇಗ್‌ನಿಂದ ನಲುಗುತ್ತಿತ್ತು. ಅಲ್ಲಿಂದ ಈಮ್‌ನ ದರ್ಜಿ ಅಲೆಕ್ಸಾಂಡರ್ ಹ್ಯಾಡ್‌ಫೀಲ್ಡ್‌ಗೆ ಒಂದು ಗಂಟು ಬಟ್ಟೆ ಬಂತು. ಬಟ್ಟೆಗೆ ತೇವ ಹಿಡಿದಿತ್ತು. ಅವನ ಕೈಕೆಳಗಿನ ಕೆಲಸಗಾರ ಜಾರ್ಜ್ ವಿಕರ್ಸ್ ಅದನ್ನು ಬಿಚ್ಚಿ ಒಲೆಯ ಮುಂದೆ ಹರವಿದ. ಅದರಲ್ಲಿ ಚಿಗಟಗಳಿದ್ದವು, ಬೆಂಕಿಯ ಕಾವಿಗೆ ಅವು ಚುರುಕಾದವು ಅಂತ ಈಗ ಊಹಿಸುತ್ತಾರೆ. ಸೆಪ್ಟೆಂಬರ್ 7ಕ್ಕೆ ವಿಕರ್ಸ್ ಸತ್ತ.

ಆ ಮನೆ ಈಗಲೂ ಚರ್ಚಿನ ಪಕ್ಕದಲ್ಲೇ ಇದೆ. ಮುಂದೆ ಒಂದು ಫಲಕ ನೆಟ್ಟಿದ್ದಾರೆ. ದರ್ಜಿಯ ಹೆಂಡತಿ ಮೇರಿಗೆ ಮೊದಲ ಗಂಡನಿಂದ ಇಬ್ಬರು ಗಂಡುಮಕ್ಕಳು. ನಾಲ್ಕು ವರ್ಷದ ಎಡ್ವರ್ಡ್ ಸೆಪ್ಟೆಂಬರ್ 22ಕ್ಕೆ ಹೋದ. ಅಣ್ಣ ಜಾನಥನ್ ಅಕ್ಟೋಬರ್ 2ಕ್ಕೆ. ದರ್ಜಿ ಮುಂದಿನ ಆಗಸ್ಟ್‌ವರೆಗೆ ಬದುಕಿದ್ದು, ಆಮೇಲೆ ಅವನೂ ಹೋದ. ಮೇರಿ ಒಬ್ಬಳೇ ಉಳಿದಳು.

ಅಕ್ಟೋಬರ್‌ನಲ್ಲಿ ಸಾವು ಏರಿತು. ವರ್ಷ ಮುಗಿಯುವಷ್ಟರಲ್ಲಿ ನಲವತ್ತಕ್ಕೂ ಹೆಚ್ಚು ಜನ ಮಣ್ಣಾಗಿದ್ದರು. ಚಳಿ ಬಂತು, ಸಾವು ಇಳಿಯಿತು. ಮೇ ತಿಂಗಳಲ್ಲಿ ತೀರಾ ಕಮ್ಮಿಯಾಯಿತು. ಕಳೆಯಿತು ಅಂದುಕೊಂಡರು. ಜೂನ್‌ನಲ್ಲಿ ಮತ್ತೆ ಶುರುವಾಯಿತು.

ಆ ಹೊತ್ತಿಗೆ ಕೈಲಾದವರು ಕೆಲವರು ಊರು ಬಿಟ್ಟಿದ್ದರು. ಉಳಿದವರೂ ಗಂಟು ಕಟ್ಟುತ್ತಿದ್ದರು. ಶೆಫೀಲ್ಡ್ ಪಟ್ಟಣ ಹತ್ತು ಹನ್ನೆರಡು ಮೈಲಿ ದೂರದಲ್ಲಿತ್ತು.

ಮೂರು ತೀರ್ಮಾನ

ಕ್ಯಾಥರೀನ್ ಗಂಡನಿಗೆ, ನಾವೂ ಹೋಗೋಣ ಅಂದಳು ಎಂದು ಹೇಳುತ್ತಾರೆ. ಅವರು ಒಪ್ಪಲಿಲ್ಲ. ಮಕ್ಕಳ ಜೊತೆ ನೀನು ಹೋಗು ಅಂದರೆ ಅವಳು ಒಪ್ಪಲಿಲ್ಲ. ಕೊನೆಗೆ ಮಕ್ಕಳನ್ನು ಮಾತ್ರ ನೆಂಟರ ಮನೆಗೆ ಕಳಿಸಿದರು.

ಮಾಂಪೆಸನ್‌ಗೆ ಒಂದು ವಿಷಯ ಗೊತ್ತಿತ್ತು. ತಾನು ಒಬ್ಬನೇ ಹೇಳಿದರೆ ಈ ಜನ ಕೇಳಲ್ಲ. ಅದಕ್ಕೇ ಅವರು ಸ್ಟಾನ್ಲಿ ಜೊತೆ ಮಾತಾಡಿದ್ದು. ಬೇರೆ ಕಾಲದಲ್ಲಾಗಿದ್ದರೆ ಪ್ರಾರ್ಥನಾ ಪುಸ್ತಕದ ವಿಷಯಕ್ಕೆ ಈ ಇಬ್ಬರ ನಡುವೆ ಮಾತೇ ಇರುತ್ತಿರಲಿಲ್ಲ. ಈಗ ಇಬ್ಬರೂ ಕೂತು ಲೆಕ್ಕ ಹಾಕಿ ಮೂರು ಮಾತು ಜನರ ಮುಂದಿಟ್ಟರು.

ಮೊದಲನೆಯದು, ಯಾರೂ ಊರ ಗಡಿ ದಾಟಬಾರದು. ಎರಡನೆಯದು, ಸತ್ತವರನ್ನು ಆಯಾ ಮನೆಯವರೇ ಹಿತ್ತಿಲಲ್ಲೋ ಹೊಲದಲ್ಲೋ ಬೇಗ ಹೂಳಬೇಕು, ಚರ್ಚಿನ ಅಂಗಳಕ್ಕೆ ತರಬಾರದು. ಮೂರನೆಯದು, ಚರ್ಚಿಗೆ ಬೀಗ. ಪ್ರಾರ್ಥನೆ ಬಯಲಲ್ಲಿ.

ಇದರಲ್ಲಿ ನಮಗೆ ದೊಡ್ಡದಾಗಿ ಕಾಣುವುದು ಮೊದಲನೆಯದು. ಆ ಕಾಲದವರಿಗೆ ಎರಡನೆಯದು ಇನ್ನೂ ಕಷ್ಟವಾಗಿತ್ತು ಅಂತ ನನಗನಿಸುತ್ತದೆ. ಚರ್ಚಿನ ಅಂಗಳ ಅಂದರೆ ಅವರಿಗೆ ಪವಿತ್ರ ಮಣ್ಣು. ಅಪ್ಪ, ಅಜ್ಜ, ಮುತ್ತಜ್ಜ ಮಲಗಿರುವ ಜಾಗ. ಕೊನೆಯ ದಿನ ತುತ್ತೂರಿ ಊದಿದಾಗ ಎಲ್ಲರ ಜೊತೆ ಅಲ್ಲಿಂದಲೇ ಏಳಬೇಕು. ಅದನ್ನು ಬಿಟ್ಟು ದನ ಮೇಯುವ ಹೊಲದಲ್ಲಿ, ಮಂತ್ರ ಹೇಳುವವರಿಲ್ಲದೆ, ಹೆಂಡತಿಯೇ ಗಂಡನಿಗೆ ಗುಂಡಿ ತೋಡು ಅಂದರೆ? ನಮ್ಮಲ್ಲಿ ಕರ್ಮ ಮಾಡದೆ ಹೆಣ ಸಾಗಿಸು ಅಂದ ಹಾಗೆ. ಪೊಲೀಸರು ಹೇಳಿದರೆ ಜನ ದಂಗೆ ಏಳುತ್ತಾರೆ. ಹೇಳಿದವರು ಪಾದ್ರಿಗಳು, ಅದೂ ಎರಡು ಪಂಗಡದ ಇಬ್ಬರೂ. ಹೀಗೆ ಮಾಡಿದರೂ ದೇವರು ಕೈಬಿಡುವುದಿಲ್ಲ ಅಂತ ಹೇಳುವ ಹಕ್ಕು ಅವರಿಗೆ ಮಾತ್ರ ಇತ್ತು.

ಬಯಲು ಪ್ರಾರ್ಥನೆಗೆ ಆರಿಸಿದ್ದು ಕಕ್ಲೆಟ್ ಡೆಲ್ಫ್ ಎಂಬ ಹಸಿರು ಕಣಿವೆ. ಅಲ್ಲಿ ಸುಣ್ಣಕಲ್ಲಿನ ಬಂಡೆಯಲ್ಲಿ ತಾನಾಗಿಯೇ ಆದ ಕಮಾನು ಇದೆ. ಪಾದ್ರಿ ಆ ಬಂಡೆಯಿಂದ ಮಾತಾಡುತ್ತಿದ್ದರು. ಜನ ಹುಲ್ಲಿನ ಮೇಲೆ ಮನೆಮಂದಿ ಮನೆಮಂದಿ ಸೇರಿ, ಪಕ್ಕದ ಮನೆಯವರಿಂದ ದೂರ ನಿಲ್ಲುತ್ತಿದ್ದರು. ಒಂದೊಂದು ಭಾನುವಾರವೂ ನಡುವಿನ ಖಾಲಿ ಜಾಗ ಜಾಸ್ತಿಯಾಗುತ್ತಿತ್ತು.

ಊರು ಮುಚ್ಚಿದರೆ ಊಟ? ಇಲ್ಲಿ ಹುದ್ದೆ ಕೆಲಸಕ್ಕೆ ಬಂತು. ಮಾಂಪೆಸನ್ ಹತ್ತಿರದ ಚಾಟ್ಸ್‌ವರ್ತ್ ಅರಮನೆಯಲ್ಲಿದ್ದ ಡೆವನ್‌ಷೈರ್‌ನ ಅರ್ಲ್ ಎಂಬ ಬಿರುದಿನ ದೊಡ್ಡ ಜಮೀನ್ದಾರನಿಗೆ ಪತ್ರ ಬರೆದರು. ಜನ ಗಡಿಯೊಳಗೇ ಇದ್ದರೆ ಆಹಾರ, ಔಷಧಿ ಕಳಿಸುತ್ತೇನೆ ಎಂದು ಆತ ಒಪ್ಪಿಕೊಂಡ. ಕೆಲಸ ಕಳೆದುಕೊಂಡ ಪ್ಯೂರಿಟನ್ ಪಾದ್ರಿ ಆ ಬಾಗಿಲು ತಟ್ಟಿದ್ದರೆ ಅಷ್ಟು ಸುಲಭವಾಗಿ ತೆರೆಯುತ್ತಿತ್ತೋ ಇಲ್ಲವೋ.

ಪಕ್ಕದ ಸ್ಟೋನಿ ಮಿಡಲ್ಟನ್‌ಗೆ ಹೋಗುವ ದಾರಿಯಲ್ಲಿ ಒಂದು ಗಡಿಗಲ್ಲು ಇದೆ, ಅದರ ಮೇಲೆ ಆರು ತೂತು. ತೂತಿಗೆ ವಿನೆಗರ್ ತುಂಬಿಸಿ ಅದರಲ್ಲಿ ನಾಣ್ಯ ಹಾಕಿಡುತ್ತಿದ್ದರು. ಆ ಕಡೆಯವರು ಬಂದು ಸಾಮಾನು ಇಟ್ಟು ನಾಣ್ಯ ಎತ್ತಿಕೊಂಡು ಹೋಗುತ್ತಿದ್ದರು. ಉತ್ತರದ ಗುಡ್ಡದಲ್ಲಿ ಒಂದು ಒರತೆ ಇದೆ. ಅಲ್ಲಿ ಹರಿಯುವ ನೀರೇ ನಾಣ್ಯ ತೊಳೆಯುತ್ತಿತ್ತು. ಅದಕ್ಕೆ ಈಗಲೂ ಮಾಂಪೆಸನ್ ಬಾವಿ ಅಂತಲೇ ಹೆಸರು. ಬ್ಯಾಕ್ಟೀರಿಯಾ ಅನ್ನುವ ಮಾತೇ ಹುಟ್ಟಿರದ ಕಾಲದಲ್ಲಿ ಇಷ್ಟು ಮಾಡಿದ್ದರು.

ಆಗಸ್ಟ್

ಜುಲೈನಲ್ಲಿ ಸತ್ತವರು 56. ಆಗಸ್ಟ್‌ನಲ್ಲಿ 75ನ್ನೂ ಮೀರಿತು. ಒಂದು ಹಳ್ಳಿಗೆ, ಒಂದು ತಿಂಗಳಿಗೆ.

ಊರಾಚೆ ಗುಡ್ಡದ ಮೇಲೆ ರೈಲಿ ಎಂಬ ಕಡೆ ಹ್ಯಾನ್‌ಕಾಕ್ ಕುಟುಂಬದ ಹೊಲಮನೆ. ಆಗಸ್ಟ್ 3ರಿಂದ 10ರವರೆಗಿನ ಎಂಟು ದಿನದಲ್ಲಿ ಎಲಿಜಬೆತ್ ಹ್ಯಾನ್‌ಕಾಕ್ ತನ್ನ ಗಂಡ ಮತ್ತು ಆರು ಮಕ್ಕಳನ್ನು ತಾನೇ ಹೂತಳು. ಹೆಣದ ಕಾಲಿಗೆ ಬಟ್ಟೆ ಕಟ್ಟಿ ಗುಂಡಿಯವರೆಗೆ ಎಳೆಯುತ್ತಿದ್ದಳಂತೆ. ಸ್ಟೋನಿ ಮಿಡಲ್ಟನ್‌ನ ಜನ ದೂರದ ಗುಡ್ಡದಿಂದ ನೋಡುತ್ತಿದ್ದರಂತೆ, ಹತ್ತಿರ ಬರುವ ಹಾಗಿರಲಿಲ್ಲ. ಆ ಏಳು ಕಲ್ಲುಗಳು ಹೊಲದ ನಡುವೆ ಈಗಲೂ ಇವೆ.

ಹೂಳಲು ಯಾರೂ ಉಳಿಯದ ಮನೆಗಳಿಗೆ ಮಾರ್ಷಲ್ ಹೋ ಎಂಬ ಗಟ್ಟಿಮುಟ್ಟು ಆಸಾಮಿ ಇದ್ದ. ಅವನಿಗೆ ರೋಗ ಬಂದು ವಾಸಿಯಾಗಿತ್ತು, ಹಾಗಾಗಿ ಹೆದರಿಕೆ ಇರಲಿಲ್ಲ. ಕೂಲಿಗೆ ಬದಲು ಸತ್ತವರ ಸಾಮಾನು ಎತ್ತಿಕೊಳ್ಳುತ್ತಿದ್ದ. ಅವನ ಬಗ್ಗೆ ಊರಲ್ಲಿ ಒಂದು ಕಥೆ ಇದೆ. ಸತ್ತನೆಂದುಕೊಂಡು ಒಬ್ಬನನ್ನು ಎತ್ತಿ ಒಯ್ಯುತ್ತಿದ್ದಾಗ ಹೆಣ ಕಣ್ಣು ಬಿಟ್ಟು ಕುಡಿಯಲು ಬಿಸಿ ಹಾಲು ಕೇಳಿತಂತೆ. ನಗು ಬರುತ್ತೆ. ಆದರೆ ಆ ಸಾಮಾನಿನ ಜೊತೆಗೇ ರೋಗ ಮನೆಗೆ ಬಂತೋ ಏನೋ, ಅವನ ಹೆಂಡತಿಯೂ ಮಗನೂ ಸತ್ತರು.

ಕ್ಯಾಥರೀನ್ ಊರಲ್ಲೇ ಉಳಿದಳು. ಆಗಸ್ಟ್‌ನ ಒಂದು ದಿನ ಗಂಡನ ಜೊತೆ ಹೊಲದಲ್ಲಿ ನಡೆಯುವಾಗ, ಗಾಳಿ ಎಷ್ಟು ಘಮ್ಮಂತಿದೆ ಅಂದಳಂತೆ. ಸಿಹಿ ವಾಸನೆ ಬಂದರೆ ಪ್ಲೇಗ್ ಹಿಡಿಯಿತು ಅಂತ ಆಗಿನ ನಂಬಿಕೆ. ಆ ಮಾತು ಕೇಳಿ ಮಾಂಪೆಸನ್‌ಗೆ ಎದೆ ಧಸಕ್ಕೆಂದಿರಬೇಕು. ಆಗಸ್ಟ್ 25ಕ್ಕೆ ಅವಳು ತೀರಿಹೋದಳು. ವಯಸ್ಸು 27.

ಅವಳ ಸಮಾಧಿ ಇರುವುದು ಚರ್ಚಿನ ಅಂಗಳದಲ್ಲಿ. ಯಾರೂ ಅಲ್ಲಿ ಹೂಳಬಾರದು ಎಂದು ತೀರ್ಮಾನವಾಗಿದ್ದ ಅಂಗಳ. ಮಕ್ಕಳನ್ನೂ ಗಡಿ ಮುಚ್ಚುವ ಮೊದಲೇ ಹೊರಗೆ ಕಳಿಸಿದ್ದರು. ಈ ಎರಡು ವಿಷಯವನ್ನು ಕಥೆ ಹೇಳುವವರು ಮೆಲ್ಲಗೆ ದಾಟಿಬಿಡುತ್ತಾರೆ. ಪಾದ್ರಿಯನ್ನು ದೇವರು ಮಾಡಲು ಹೊರಟರೆ ಇವು ಅಡ್ಡ ಬರುತ್ತವೆ. ನನಗೆ ಅವರು ಮನುಷ್ಯರಾಗಿ ಕಾಣುವುದು ಇಲ್ಲೇ. ಆದರೂ ಎಲಿಜಬೆತ್ ಹ್ಯಾನ್‌ಕಾಕ್ ಏನಂದುಕೊಂಡಿರಬಹುದು ಅನ್ನುವ ಪ್ರಶ್ನೆ ಬಿಡುವುದಿಲ್ಲ.

ಹೆಂಡತಿ ಸತ್ತ ವಾರದೊಳಗೆ ಮಾಂಪೆಸನ್ ಧಣಿ ಸ್ಯಾವಿಲ್‌ಗೆ ಒಂದು ಪತ್ರ ಬರೆದರು. ತಾನೂ ಉಳಿಯುವುದಿಲ್ಲ ಅಂತಲೇ ಬರೆದ ಪತ್ರ ಅದು. ಮಕ್ಕಳನ್ನು ನೋಡಿಕೊಳ್ಳಿ, ಈ ಊರಿಗೆ ಒಳ್ಳೆಯ ಪಾದ್ರಿಯನ್ನು ಕಳಿಸಿ ಅನ್ನುವ ಕೋರಿಕೆ ಅದರಲ್ಲಿದೆ. ಆದರೆ ಅವರಿಗೆ ರೋಗ ತಗಲಲೇ ಇಲ್ಲ. ನವೆಂಬರ್ 20ರಂದು ಇನ್ನೊಂದು ಪತ್ರ ಬರೆದರು. ನಮ್ಮ ಊರು ಗೊಲ್ಗೊಥಾ ಆಗಿದೆ, ತಲೆಬುರುಡೆಗಳ ಜಾಗ ಅಂದರು. 76 ಮನೆಗಳಿಗೆ ರೋಗ ಬಂತು, 259 ಜನ ಸತ್ತರು ಎಂಬ ಲೆಕ್ಕವೂ ಆ ಪತ್ರದಲ್ಲೇ ಇದೆ.

ಅದೇ ಪತ್ರದಲ್ಲಿ ನನಗೆ ಇಷ್ಟವಾದ ಒಂದು ಸಣ್ಣ ಜಾಗ ಇದೆ. ಮನೆಯ ಆಳಿಗೆ ಗೆಡ್ಡೆ ಎದ್ದಿತ್ತು, ಔಷಧಿ ಕೊಟ್ಟೆ, ಗೆಡ್ಡೆ ಒಡೆದು ವಾಸಿಯಾಯಿತು ಅಂತ ಬರೆಯುತ್ತಾರೆ. ಕೆಲಸದ ಹುಡುಗಿಗೆ ಏನೂ ಆಗಲಿಲ್ಲ, ದೊಡ್ಡ ಪುಣ್ಯ, ಅವಳು ಮಲಗಿಬಿಟ್ಟಿದ್ದರೆ ಬಟ್ಟೆ ಒಗೆದು ಊಟಕ್ಕೆ ನೋಡುವವರೇ ಇರುತ್ತಿರಲಿಲ್ಲ ಅಂತಲೂ ಬರೆಯುತ್ತಾರೆ. ಊರೆಲ್ಲ ಮಸಣವಾದರೂ ಒಗೆಯಬೇಕಾದ ಬಟ್ಟೆ ಬೀಳುತ್ತದೆ. ಆ ವಾರವೆಲ್ಲ ಊರಿನ ಉಣ್ಣೆ ಬಟ್ಟೆಗಳಿಗೆ ಹೊಗೆ ಹಾಕಿಸಿ ಶುದ್ಧ ಮಾಡಿಸುವುದೇ ತಮ್ಮ ಕೆಲಸ ಅಂತಲೂ ತಿಳಿಸುತ್ತಾರೆ. ಇದೂ ಪಾದ್ರಿಯ ಕೆಲಸವೇ ಆಗಿಹೋಗಿತ್ತು.

ಸರಿಯೋ ತಪ್ಪೋ

ಸುತ್ತಲ ಊರುಗಳಿಗೆ ಪ್ಲೇಗ್ ಹರಡಲಿಲ್ಲ. ಅಷ್ಟರ ಮಟ್ಟಿಗೆ ತೀರ್ಮಾನ ಗೆದ್ದಿತು. ಊರಿನೊಳಗೆ ಏನಾಯಿತು ಅನ್ನುವುದು ಬೇರೆ ಲೆಕ್ಕ. ಈಮ್‌ನಲ್ಲಿ 350 ಜನ ಇದ್ದರು, ಉಳಿದವರು 83 ಎಂದು ಬಹಳ ಕಾಲ ಹೇಳುತ್ತಿದ್ದರು. ದಾಖಲೆಗಳನ್ನು ಮತ್ತೆ ತೆಗೆದು ನೋಡಿದ ಮೇಲೆ ಜನಸಂಖ್ಯೆ 700ರ ಆಸುಪಾಸು ಇತ್ತು ಎಂದಾಯಿತು. ಹಾಗಿದ್ದರೂ ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ ಸತ್ತ ಹಾಗಾಯಿತು.

ಇಲ್ಲಿ ನಮ್ಮ ಹಿರಿಯರ ನೆನಪು ಬರುತ್ತದೆ. 1898ರಲ್ಲಿ ಪ್ಲೇಗ್ ಬೆಂಗಳೂರಿಗೆ ಬಂದಾಗ, ಆಮೇಲೆ ಹಳ್ಳಿ ಹಳ್ಳಿಗೂ ಹಬ್ಬಿದಾಗ, ನಮ್ಮ ಜನ ಮಾಡಿದ್ದು ಇದಕ್ಕೆ ಉಲ್ಟಾ. ಇಲಿ ಬಿತ್ತು ಅಂದ ತಕ್ಷಣ ಊರು ಖಾಲಿ. ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇದ್ದು, ಇಲಿ ಬೀಳುವುದು ನಿಂತ ಮೇಲೆ ವಾಪಸ್. ಪ್ಲೇಗಮ್ಮನ ಗುಡಿಗಳು ಆ ಕಾಲದ ಗುರುತು. ಇಲಿ ಚಿಗಟದಿಂದ ಬರುವ ರೋಗಕ್ಕೆ ಮನೆ ಬಿಡುವುದೇ ಜಾಣತನ. ಈಮ್‌ನವರೂ ಊರ ಗಡಿ ದಾಟದೆಯೇ ಮನೆ ಬಿಟ್ಟು ಬಯಲಿಗೆ ಹೋಗಬಹುದಿತ್ತಲ್ಲ ಅಂತ ಸುಮ್ನೆ ಕೂತಾಗ ನನಗೆ ಅನಿಸಿದ್ದುಂಟು. ಕೆಲವರು ಡೆಲ್ಫ್ ಕಣಿವೆಯಲ್ಲಿ ಗುಡಿಸಲು ಹಾಕಿದ್ದರು ಅಂತಲೂ ಹೇಳಿಕೆ ಇದೆ.

ಆದರೆ ವಿಷಯ ಅಷ್ಟು ಸರಳವಲ್ಲ. ಚರ್ಚಿನ ದಾಖಲೆಯ ಸಾವುಗಳನ್ನಿಟ್ಟುಕೊಂಡು 2016ರಲ್ಲಿ ಒಂದು ಅಧ್ಯಯನ ನಡೆಯಿತು. ಯಾವ ಮನೆಯಲ್ಲಿ ಯಾರಾದ ಮೇಲೆ ಯಾರು ಸತ್ತರು ಎಂದು ಲೆಕ್ಕ ಹಾಕಿದರು. ಇಲಿಯಿಂದ ಬಂದದ್ದು ಕಾಲು ಭಾಗ, ಮುಕ್ಕಾಲು ಭಾಗ ಮನುಷ್ಯನಿಂದ ಮನುಷ್ಯನಿಗೆ ಅನ್ನುವುದು ಅವರ ಅಂದಾಜು. ಅದು ನಿಜವಾದರೆ ದೂರ ದೂರ ನಿಲ್ಲಿಸಿದ್ದು, ಚರ್ಚು ಮುಚ್ಚಿದ್ದು, ಗಡಿ ಹಾಕಿದ್ದು ಎಲ್ಲಕ್ಕೂ ಅರ್ಥ ಇತ್ತು.

ಅಂದ ಹಾಗೆ, ಆ ಲೆಕ್ಕ ಸಾಧ್ಯವಾದದ್ದು ಅಷ್ಟು ಸಾವಿನ ನಡುವೆಯೂ ಒಬ್ಬೊಬ್ಬರ ಹೆಸರು, ತಾರೀಖು ದಾಖಲೆಯಾಗಿದ್ದರಿಂದ. ದಿನಕ್ಕೆ ಐದಾರು ಹೆಸರು ಬರೆಯುವಾಗ ಆ ಕೈ ಹೇಗಿತ್ತೋ.

ಹೆಸರು ಯಾರಿಗೆ

ಪ್ಲೇಗ್ ನಿಂತ ಮೇಲೆ ಸ್ಟಾನ್ಲಿಯನ್ನು ಊರಿಂದ ಓಡಿಸಬೇಕು ಅಂತ ಕೆಲವರು ಅರ್ಲ್ ಹತ್ತಿರ ದೂರು ಒಯ್ದರು. ಕಾನೂನು ದೂರು ಕೊಟ್ಟವರ ಕಡೆಯೇ ಇತ್ತು. ಅರ್ಲ್ ಒಪ್ಪಲಿಲ್ಲ. ಊರನ್ನು ನೋಡಿಕೊಂಡು, ಪಕ್ಕದ ಊರುಗಳಿಗೆ ರೋಗ ಹೋಗದ ಹಾಗೆ ಬೇರೆ ಯಾರೂ ವಹಿಸದಷ್ಟು ಕಾಳಜಿ ವಹಿಸಿದ ಮನುಷ್ಯನಿಗೆ ಇಡೀ ನಾಡು ಬರೀ ಮಾತಿನಲ್ಲಲ್ಲ, ಕೃತಿಯಲ್ಲಿ ಕೃತಜ್ಞತೆ ತೋರಿಸಬೇಕು ಅನ್ನುವ ಅರ್ಥದ ಮಾತು ಹೇಳಿದ. 1702ರಲ್ಲಿ ಅಚ್ಚಾದ ಪುಸ್ತಕವೊಂದರಲ್ಲಿ ಈ ಮಾತು ಬರುತ್ತದೆ. ಅಂದರೆ ಘಟನೆಗೆ ಹತ್ತಿರದ ಕಾಲದಲ್ಲಿ ಹೆಸರು ಸ್ಟಾನ್ಲಿಗೇ ಇತ್ತು. ಆಮೇಲೆ ಮಾಂಪೆಸನ್ ಪತ್ರಗಳು ಅಚ್ಚಾದವು. ಚಂದದ ಹೆಂಡತಿ, ಎಳೆ ಮಕ್ಕಳು, ಕಣ್ಣೀರಿನ ಪತ್ರ. ಕಥೆ ಅವರ ಕಡೆ ವಾಲಿತು. ಸ್ಟಾನ್ಲಿ ಪತ್ರ ಬರೆದಿಟ್ಟು ಹೋಗಲಿಲ್ಲ. 1670ರಲ್ಲಿ ತೀರಿಕೊಂಡರು.

ಮಾಂಪೆಸನ್ 1669ರ ಹೊತ್ತಿಗೆ ನಾಟಿಂಗ್‌ಹ್ಯಾಮ್‌ಷೈರ್‌ನ ಈಕ್ರಿಂಗ್ ಎಂಬ ಊರಿಗೆ ಪಾದ್ರಿಯಾಗಿ ಹೋದರು. ಮತ್ತೆ ಮದುವೆಯಾದರು, 1709ರವರೆಗೆ ಬದುಕಿದರು. ಆದರೆ ಶುರುವಿಗೆ ಅಲ್ಲಿನ ಜನ ಅವರನ್ನು ಊರೊಳಗೆ ಬಿಟ್ಟುಕೊಳ್ಳಲಿಲ್ಲ. ಪ್ಲೇಗ್ ಪಾದ್ರಿ ಬಂದ ಅಂತ ಹೆದರಿದರು. ಈಮ್‌ನಲ್ಲಿ ಕೊನೆಯ ಸಾವಾಗಿ ಎರಡು ವರ್ಷ ಕಳೆದಿತ್ತು. ಅವರು ರಫರ್ಡ್ ಪಾರ್ಕಿನಲ್ಲಿ ಒಂದು ಗುಡಿಸಲಲ್ಲಿ ಇರಬೇಕಾಯಿತು. ಆ ದಿನಗಳಲ್ಲಿ ಚರ್ಚು ಬಿಟ್ಟು ಊರಾಚೆಯ ಒಂದು ಆಶ್ ಮರದ ಕೆಳಗೆ ನಿಂತು ಪ್ರಸಂಗ ಮಾಡುತ್ತಿದ್ದರಂತೆ, ಡೆಲ್ಫ್ ಕಣಿವೆಯಲ್ಲಿ ಮಾಡಿದ ಹಾಗೇ. ಮರ ಈಗಿಲ್ಲ. ಆ ಜಾಗದಲ್ಲಿ ಒಂದು ಕಲ್ಲಿನ ಶಿಲುಬೆ ಇದೆ.